ಬಿಸ್ಮತ್ ಫೆರೈಟ್: ಅರೆದ ಪುಡಿಯೋ, ಜೆಲ್‌ನ ಪುಡಿಯೋ?

ಪುಣೆಯ ನಮ್ಮ ಪ್ರಯೋಗಾಲಯಕ್ಕೆ ಬೆಳಗಾವಿಯಿಂದ ಹೊಸದಾಗಿ ಬಂದ ವಿದ್ಯಾರ್ಥಿನಿ, "ಅಕ್ಕಾ, ಬಿಸ್ಮತ್ ಫೆರೈಟನ್ನು ಯಾವ ದಾರಿಯಲ್ಲಿ ಮಾಡಲಿ?" ಎಂದು ಕೇಳಿದಳು. ನಾನು ಎರಡು ದಾರಿಯಲ್ಲೂ ನಡೆದಿದ್ದೇನೆ. ಕೋಣೆಯ ಉಷ್ಣತೆಯಲ್ಲೇ ಕಾಂತೀಯ ಕ್ರಮ (ಪರಮಾಣುಗಳ ಪುಟ್ಟ ಕಾಂತಗಳ ಶಿಸ್ತು), ವಿದ್ಯುತ್ ಕ್ರಮ (ಅಯಾನುಗಳು ಒಂದೇ ದಿಕ್ಕಿಗೆ ಸರಿದಿರುವುದು) ಎರಡನ್ನೂ ಉಳಿಸಿಕೊಳ್ಳುವ, ಬಿಸ್ಮತ್ ಮತ್ತು ಕಬ್ಬಿಣದ ಅಪರೂಪದ ಆಕ್ಸೈಡ್ ಇದು. ಮೊದಲನೆಯದು ಸುಮಾರು 370 ಡಿಗ್ರಿ ಸೆಲ್ಸಿಯಸ್‌ವರೆಗೆ, ಎರಡನೆಯದು ಸುಮಾರು 825ರವರೆಗೆ ನಿಲ್ಲುತ್ತದೆ.

ಹಳೆಯ ದಾರಿಯಲ್ಲಿ ಬಿಸ್ಮತ್ ಮತ್ತು ಕಬ್ಬಿಣದ ಆಕ್ಸೈಡುಗಳನ್ನು ಅಗೇಟ್ ಕಲ್ಬತ್ತಿನಲ್ಲಿ ಗಂಟೆಗಟ್ಟಲೆ ಅರೆದು 800 ಡಿಗ್ರಿಯ ಆಸುಪಾಸಿನಲ್ಲಿ ಸುಡಬೇಕು. ಪುಡಿ ಧಾರಾಳವಾಗಿ ಸಿಗುತ್ತದೆ. ಆದರೆ ಆ ಶಾಖಕ್ಕೆ ಬಿಸ್ಮತ್ ಆವಿಯಾಗಿ, ಬೇಡದ ಸಂಯುಕ್ತಗಳು ಹುಟ್ಟುತ್ತವೆ. ಅವುಗಳನ್ನು ದುರ್ಬಲ ನೈಟ್ರಿಕ್ ಆಮ್ಲದಲ್ಲಿ ತೊಳೆಯಬೇಕಾಯಿತು.

ಜೆಲ್ ದಾರಿಯಲ್ಲಿ ಬಿಸ್ಮತ್ ಮತ್ತು ಕಬ್ಬಿಣದ ನೈಟ್ರೇಟುಗಳನ್ನು ಕರಗಿಸಿ, ಹುಣಸೆಯ ಹುಳಿಗೆ ಕಾರಣವಾದ ಟಾರ್ಟಾರಿಕ್ ಆಮ್ಲವನ್ನೇ ಬೆರೆಸಿ, ಅಂಟಾದ ಜೆಲ್ ಆಗುವವರೆಗೆ ಕಾಯಿಸಿ, 550 ಡಿಗ್ರಿಗೆ ಸುಟ್ಟೆ. ಕಣಗಳು 50 ನ್ಯಾನೋಮೀಟರಿನ ಆಸುಪಾಸಿನಲ್ಲಿ ನಿಂತವು. ಪುಣೆಯ ಜುಲೈ ಮಾತ್ರ ಇದಕ್ಕೆ ಶತ್ರು: ಕಬ್ಬಿಣದ ನೈಟ್ರೇಟ್ ಗಾಳಿಯ ತೇವ ಹೀರಿ ಒದ್ದೆಯಾಗುತ್ತದೆ, ತೂಕವೇ ಸುಳ್ಳಾಗುತ್ತದೆ. ನನ್ನ ಮೊದಲ ಎರಡು ತಯಾರಿಗಳು ಹಾಗೆಯೇ ಹಾಳಾದವು.

ಕಾಂತತ್ವದಲ್ಲಿ ಜೆಲ್ ಪುಡಿಯದೇ ಮೇಲುಗೈ. ಈ ಸ್ಫಟಿಕದಲ್ಲಿ ಅಕ್ಕಪಕ್ಕದ ಕಬ್ಬಿಣದ ಸ್ಪಿನ್‌ಗಳು, ಅಂದರೆ ಆ ಪುಟ್ಟ ಕಾಂತಗಳು, ಎದುರುಬದುರಾಗಿದ್ದು, ಆ ವಿನ್ಯಾಸ ಮೆಲ್ಲಗೆ ಸುತ್ತುತ್ತಾ 62 ನ್ಯಾನೋಮೀಟರಿಗೊಮ್ಮೆ ಪೂರ್ತಿ ತಿರುಗುತ್ತದೆ. ಸ್ಪಿನ್‌ಗಳ ಸಣ್ಣ ಓರೆಯಿಂದ ಉಳಿಯುವ ಕಾಂತತ್ವವೆಲ್ಲ ಆ ಸುತ್ತಿನಲ್ಲಿ ಕಳೆದುಹೋಗುತ್ತದೆ. ಕಣವೇ ಅದಕ್ಕಿಂತ ಚಿಕ್ಕದಾದರೆ ಸುತ್ತು ಮುಗಿಯುವುದಿಲ್ಲ. ಮೇಲ್ಮೈಯ ಸ್ಪಿನ್‌ಗಳಿಗೆ ಜೋಡಿಯೂ ಸಿಗುವುದಿಲ್ಲ. ಹಾಗಾಗಿ ಕಾಂತತ್ವ ಸ್ವಲ್ಪ ಉಳಿಯುತ್ತದೆ. ಅರೆದ ಪುಡಿ ಕಾಂತಮಾಪಕದಲ್ಲಿ ನೇರ ಗೆರೆ ಕೊಟ್ಟರೆ, ಜೆಲ್ ಪುಡಿ ಕುಣಿಕೆ ಕೊಟ್ಟಿತು, ಅಂದರೆ ಹೊರಗಿನ ಕಾಂತಕ್ಷೇತ್ರ ತೆಗೆದ ಮೇಲೂ ಅದರಲ್ಲಿ ಕಾಂತತ್ವ ಉಳಿಯಿತು. ಆ ಸಂಜೆ ನನಗಾದ ಸಂತೋಷ ಇಂದಿಗೂ ಮಾಸಿಲ್ಲ. ಆದರೂ ಎಚ್ಚರ ಬೇಕು: ಎಕ್ಸ್‌ರೇಗೆ ಕಾಣದಷ್ಟು ಮ್ಯಾಗ್ಹೆಮೈಟ್ (ಬಲವಾದ ಕಾಂತತ್ವದ ಕಬ್ಬಿಣದ ಆಕ್ಸೈಡ್) ಬೆರೆತಿದ್ದರೂ ಕುಣಿಕೆ ಬರುತ್ತದೆ. ಮಾಸ್‌ಬಾವರ್ ರೋಹಿತವನ್ನು (ಕಬ್ಬಿಣದ ಪರಮಾಣುಗಳು ಯಾವ ಸ್ಥಿತಿಯಲ್ಲಿವೆ ಎಂದು ಗಾಮಾ ಕಿರಣಗಳಿಂದ ತಿಳಿಸುವ ಅಳತೆ) ನೋಡುವವರೆಗೆ ನಾನು ಆ ಕುಣಿಕೆಯನ್ನು ನಂಬಲಿಲ್ಲ.

ವಿದ್ಯುತ್ ಕ್ರಮದ ಕಥೆ ಬೇರೆ. ಅಯಾನುಗಳೆಲ್ಲ ಒಂದೇ ದಿಕ್ಕಿಗೆ ಸರಿದು ನಿಲ್ಲಲು ದೂರದವರೆಗೂ ನೆರೆಯ ಆಸರೆ ಬೇಕು. ಕಣ ಕುಗ್ಗಿದಂತೆ ಆ ಆಸರೆ ಸಡಿಲವಾಗುತ್ತದೆ. ಇಂಥದ್ದೇ ವಿದ್ಯುತ್ ಕ್ರಮವಿರುವ ಬೇರಿಯಂ ಟೈಟನೇಟಿನಲ್ಲಂತೂ ಸ್ಫಟಿಕದ ಆಕೃತಿಯೇ ಆ ಕ್ರಮವಿಲ್ಲದ ಸಮಘನದ (ಕ್ಯೂಬ್) ಕಡೆಗೆ ಮರಳುತ್ತದೆ. ಇನ್ನೊಂದು ತೊಡಕನ್ನು ಪ್ರಯೋಗಕ್ಕಿಳಿದ ಮೇಲೆಯೇ ನಾನು ಅರಿತೆ. ಕಾಂತತ್ವವನ್ನು ಪುಡಿಯಲ್ಲೇ ಅಳೆಯಬಹುದು, ಧ್ರುವೀಕರಣವನ್ನು, ಅಂದರೆ ಅಯಾನುಗಳ ಆ ಸರಿಯುವಿಕೆಯನ್ನು, ಅಳೆಯಲು ಗಟ್ಟಿ ಬಿಲ್ಲೆ ಬೇಕು. ಬಿಲ್ಲೆಯನ್ನು ಸುಟ್ಟು ಗಟ್ಟಿ ಮಾಡಿದರೆ ಕಣಗಳು ಮತ್ತೆ ಬೆಳೆದುಬಿಡುತ್ತವೆ. ಸುಡದಿದ್ದರೆ ರಂಧ್ರಗಳು ಉಳಿದು ವಿದ್ಯುತ್ ಸೋರಿ, ಧ್ರುವೀಕರಣದ ಕುಣಿಕೆ ಬಲೂನಿನಂತೆ ಊದಿಕೊಳ್ಳುತ್ತದೆ. ಈ ಅಳತೆಗೆ ನಾನು ಅರೆದ ಪುಡಿಯ ಬಿಲ್ಲೆಯನ್ನೇ ಬಳಸುತ್ತೇನೆ.

ಅವಳಿಗೆ ಬೇಕಿದ್ದುದು ಕಾಂತತ್ವ. ಜೆಲ್ ದಾರಿಯನ್ನೇ ಹಿಡಿ, ಮಳೆ ಹಿಡಿಯುವ ಮೊದಲೇ ನೈಟ್ರೇಟುಗಳನ್ನು ತೂಗಿ ದ್ರಾವಣ ಮಾಡಿಟ್ಟುಕೋ ಎಂದೆ. ಮೇ ಕೊನೆಯ ವಾರದಲ್ಲಿ ಅವಳ ಕಪಾಟಿನಲ್ಲಿ ಹೆಸರು, ತಾರೀಖು ಬರೆದ ಆರು ಬಾಟಲಿಗಳಿದ್ದವು.