ಮೊಲದ ಸೀರಮ್ಮೋ, ಹೈಬ್ರಿಡೋಮಾವೋ?

ಮಣಿಪಾಲದಲ್ಲೋ ದೇರಳಕಟ್ಟೆಯಲ್ಲೋ ಅಂಗಾಂಶದ ಸೈಕ್ಲಿಕ್ ಎಎಂಪಿಯನ್ನು (ಜೀವಕೋಶದೊಳಗೆ ಸಂದೇಶ ಒಯ್ಯುವ ಅಣು) ಪ್ರತಿಕಾಯದ ನೆರವಿನಿಂದ ಅಳೆಯಲು ಹೊರಟ ಸಂಶೋಧನಾ ವಿದ್ಯಾರ್ಥಿಗೆ ಆ ಪ್ರತಿಕಾಯ ತಯಾರಿಸಿಕೊಳ್ಳಲು ಎರಡು ಮುಖ್ಯ ದಾರಿಗಳಿವೆ: ಮೊಲದ ಸೀರಮ್ (ರಕ್ತದ ತಿಳಿದ್ರವ), ಇಲ್ಲವೇ ಹೈಬ್ರಿಡೋಮಾ (ಪ್ರತಿಕಾಯ ತಯಾರಿಸುವ ಕೋಶವನ್ನು ಕ್ಯಾನ್ಸರ್ ಕೋಶದೊಂದಿಗೆ ಬೆಸೆದು ಬೆಳೆಸಿದ ಕೋಶ). ಸೈಕ್ಲಿಕ್ ಎಎಂಪಿಯ ಅಣುಭಾರ ಸುಮಾರು 329; ಇಷ್ಟು ಪುಟ್ಟ ಅಣುವಿನ ವಿರುದ್ಧ ಪ್ರಾಣಿಯ ದೇಹ ತಾನಾಗಿ ಪ್ರತಿಕಾಯ ತಯಾರಿಸದು. ಹಾಗಾಗಿ ಎರಡರಲ್ಲೂ ಅದನ್ನು ಸಕ್ಸಿನೈಲ್ ಕೊಂಡಿಯಂಥ ಸೇತುವೆಯಿಂದ ದೊಡ್ಡ ಪ್ರೋಟೀನಿಗೆ ಜೋಡಿಸಲೇಬೇಕು.

ಮೊಲದ ಪಾಲಿಕ್ಲೋನಲ್ ಸೀರಮ್ (ಹಲವು ಬಗೆಯ ಪ್ರತಿಕಾಯಗಳ ಮಿಶ್ರಣ) ಕೆಲವು ತಿಂಗಳಲ್ಲಿ, ಕಡಿಮೆ ಖರ್ಚಿನಲ್ಲಿ ಸಿಗುತ್ತದೆ. ಅಣುವಿನ ಮೇಲಿನ ಅದರ ಹಿಡಿತವೂ ಹೆಚ್ಚಾಗಿ ಬಲವಾಗಿಯೇ ಇರುತ್ತದೆ. ಆದರೆ ಮೊಲದಿಂದ ಮೊಲಕ್ಕೆ ಗುಣ ಬೇರೆ. ಆ ಮೊಲ ಸತ್ತರೆ ಅದೇ ಸೀರಮ್ ಮತ್ತೆ ಸಿಗದು. 1975ರಲ್ಲಿ ಕೊಹ್ಲರ್ ಮತ್ತು ಮಿಲ್‌ಸ್ಟೈನ್ ಪ್ರಕಟಿಸಿದ ಹೈಬ್ರಿಡೋಮಾ ವಿಧಾನ ದುಬಾರಿ, ಆದರೆ ಒಂದೇ ಪ್ರತಿಕಾಯವನ್ನು ವರ್ಷಗಟ್ಟಲೆ ಕೊಡಬಲ್ಲದು.

ಒಂದೇ ಪಿಎಚ್‌ಡಿ ಪ್ರಬಂಧಕ್ಕಾದರೆ ಮೊಲವೇ ಸಾಕು ಎನ್ನುತ್ತೇನೆ. ಯಾವುದನ್ನು ಆರಿಸಿದರೂ ಎಟಿಪಿಯೊಂದಿಗಿನ (ಕೋಶಕ್ಕೆ ಶಕ್ತಿ ಒದಗಿಸುವ, ರಚನೆಯಲ್ಲಿ ಇದನ್ನೇ ಹೋಲುವ ಅಣು) ಅಡ್ಡಪ್ರತಿಕ್ರಿಯೆಯನ್ನು, ಅಂದರೆ ಪ್ರತಿಕಾಯ ತಪ್ಪಾಗಿ ಅದನ್ನೂ ಹಿಡಿಯುತ್ತದೆಯೇ ಎಂಬುದನ್ನು, ಮೊದಲೇ ಪರೀಕ್ಷಿಸಿ: ಅಂಗಾಂಶದಲ್ಲಿ ಎಟಿಪಿ ಸೈಕ್ಲಿಕ್ ಎಎಂಪಿಗಿಂತ ಸಾವಿರಾರು ಪಟ್ಟು ಹೆಚ್ಚಿರುತ್ತದೆ. ಮಾದರಿಯನ್ನು ಅಸಿಟೈಲೀಕರಿಸಿದರೆ (ಅಣುವಿಗೆ ಅಸಿಟೈಲ್ ಗುಂಪು ಸೇರಿಸಿದರೆ) ಅಳತೆಯ ಸೂಕ್ಷ್ಮತೆಯೂ ಏರುತ್ತದೆ.