ಹಸಿರು ದೀಪ ಉರಿಯುತ್ತಿದೆ ಅಂತ ಗ್ಯಾಸ್ ಡಿಟೆಕ್ಟರ್ ನಂಬಬೇಡಿ

ಮನೆಗೆ ಗ್ಯಾಸ್ ಲೀಕ್ ಡಿಟೆಕ್ಟರ್ ಹಾಕಿಸಿದವರು, ಹಾಕಿಸಬೇಕು ಅಂತಿರುವವರು ದಯವಿಟ್ಟು ಓದಿ. ನಮ್ಮ ಮನೆಯಲ್ಲಿ ರೆಗ್ಯುಲೇಟರ್ ಹತ್ತಿರ ರಾತ್ರಿಯೆಲ್ಲ ಎಲ್‌ಪಿಜಿ ಸೋರಿದೆ. ಬೆಳಿಗ್ಗೆ ಅಡುಗೆಮನೆ ಬಾಗಿಲು ತೆಗೆದ ಅಮ್ಮನಿಗೆ ವಾಸನೆ ಬಡಿದು, ಲೈಟ್ ಸ್ವಿಚ್ ಮುಟ್ಟದೆ ಹಾಗೇ ಹಿಂದೆ ಬಂದರು. ಅದರಿಂದ ಉಳಿದೆವು. ಎಲ್‌ಪಿಜಿ ಗಾಳಿಯಲ್ಲಿ ಸುಮಾರು 2% ಸೇರಿದರೆ ಸಾಕು, ಒಂದು ಕಿಡಿಗೆ ಹತ್ತಿಕೊಳ್ಳುತ್ತದೆ. ಗೋಡೆ ಮೇಲಿನ ಡಿಟೆಕ್ಟರ್ ಮಾತ್ರ ಹಸಿರು ದೀಪ ಹಚ್ಚಿಕೊಂಡು ಸುಮ್ನೆ ಕೂತಿತ್ತು. ಮನೆಗೆಲ್ಲ ಗಾಳಿ ಆಡಿದ ಮೇಲೆ ಅದರ ಟೆಸ್ಟ್ ಬಟನ್ ಒತ್ತಿದರೆ ಕಿವಿ ಕಿತ್ತುಹೋಗುವ ಹಾಗೆ ಕೂಗಿತು!

ಮೋಸ ಇರುವುದೇ ಇಲ್ಲಿ. ಹೆಚ್ಚಿನ ಡಿಟೆಕ್ಟರ್‌ಗಳಲ್ಲಿ ಆ ಬಟನ್ ನೋಡುವುದು ಬಜರ್ ಮತ್ತು ಕರೆಂಟನ್ನು ಮಾತ್ರ. ಒಳಗಿನ ಸೆನ್ಸರ್‌ಗೆ ಗ್ಯಾಸ್ ಗೊತ್ತಾಗುತ್ತಾ ಇಲ್ವಾ ಅಂತ ತಿಳಿಯಬೇಕಾದರೆ ನಿಜವಾದ ಟೆಸ್ಟ್ ಗ್ಯಾಸನ್ನೇ ಅದರ ಮುಂದೆ ಬಿಡಬೇಕು. ಕಾರ್ಖಾನೆಗಳಲ್ಲಿ ಇದಕ್ಕೆ ಬಂಪ್ ಟೆಸ್ಟ್ ಅಂತಾರೆ.

ಬೇರೆ ಟೆಕ್ನಿಷಿಯನ್ ಕರೆಸಿ ನೋಡಿಸಿದೆವು. ಮೊದಲ ತಪ್ಪು, ಅದನ್ನು ಸೀಲಿಂಗ್ ಹತ್ತಿರ ಹೊಡೆದಿದ್ದರು. ಎಲ್‌ಪಿಜಿ ಗಾಳಿಗಿಂತ ಭಾರ, ನೆಲಕ್ಕೆ ಇಳಿದು ಹರಡುತ್ತದೆ, ಹಾಗಾಗಿ ಅದರ ಡಿಟೆಕ್ಟರ್ ನೆಲದ ಹತ್ತಿರವೇ ಇರಬೇಕು. ಪೈಪ್‌ನಲ್ಲಿ ಬರುವ ನ್ಯಾಚುರಲ್ ಗ್ಯಾಸ್ ಬಹುಪಾಲು ಮೀಥೇನ್, ಅದು ಹಗುರ, ಅದಕ್ಕಾದರೆ ಮೇಲೆ ಸರಿ. ಯಾವ ಗ್ಯಾಸ್ ಅಂತ ಒಂದು ಮಾತು ಕೇಳದೆ ಹೊಡೆದು ಹೋದವರ ಮೇಲೆ ನನಗೆ ಈಗಲೂ ಸಿಟ್ಟಿದೆ.

ಆದರೆ ಕೆಳಗಿಳಿಸಿ ಟೆಸ್ಟ್ ಗ್ಯಾಸನ್ನು ಮೂತಿಗೇ ಹಿಡಿದರೂ ಅದು ಕೂಗಲಿಲ್ಲ. ಇಂಥ ಅಗ್ಗದ ಡಿಟೆಕ್ಟರ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಟಿನ್ ಆಕ್ಸೈಡ್ ಸೆನ್ಸರ್. ಒಳಗಿನ ಹೀಟರ್ ಅದನ್ನು ಕಾಯಿಸಿ ಇಟ್ಟಿರುತ್ತದೆ, ಅದರ ಮೈಮೇಲೆ ಗಾಳಿಯ ಆಕ್ಸಿಜನ್ ಅಂಟಿಕೊಂಡಿರುತ್ತದೆ, ಗ್ಯಾಸ್ ಬಂದಾಗ ಆ ಆಕ್ಸಿಜನ್ ಜೊತೆ ಸೇರಿ ಉರಿದುಹೋಗುತ್ತದೆ, ಆಗ ಸೆನ್ಸರ್‌ನ ರೆಸಿಸ್ಟೆನ್ಸ್ ಇಳಿದು ಅಲಾರಂ ಹೊಡೆಯುತ್ತದೆ. ಆ ಮೈಮೇಲೆ ಸಿಲಿಕೋನ್ ಆವಿ ಕೂತರೆ ಸೆನ್ಸರ್ ಮಂಕಾಗುತ್ತದೆ, ಒರೆಸಿದರೆ ಹೋಗುವಂಥದ್ದಲ್ಲ. ಡಿಟೆಕ್ಟರ್ ಹಾಕಿದ ತಂಡವೇ ಅದರ ಪಕ್ಕದ ಸಂದಿಗೆ ಸಿಲಿಕೋನ್ ಸೀಲಂಟ್ ಮೆತ್ತಿತ್ತು. ಅದರಿಂದಲೇ ಹೋಗಿರಬೇಕು ಅಂದರು ಟೆಕ್ನಿಷಿಯನ್.

ಇನ್ನೂ ಹೆದರಿಸಿದ್ದು ಡಬ್ಬಿ ಮೇಲಿನ ಮಾತು. 'ಎಲ್‌ಪಿಜಿ, ಹೊಗೆ, ಕಾರ್ಬನ್ ಮೊನಾಕ್ಸೈಡ್ ಎಲ್ಲಕ್ಕೂ' ಅಂತ ಬರೆದಿತ್ತು, ಒಳಗೆ ಇದ್ದದ್ದು ಇದೊಂದೇ ಸೆನ್ಸರ್. ಸೆಂಟಿನ ಸ್ಪ್ರೇ ಹೊಡೆದರೂ ಕೂಗಿಕೊಳ್ಳುವ ಸೆನ್ಸರ್ ಇದು, ಎಲ್‌ಪಿಜಿಗೆ ಕೂಗಲು ಅಂತ ಇಟ್ಟ ಮಟ್ಟದಲ್ಲಿ ಕಾರ್ಬನ್ ಮೊನಾಕ್ಸೈಡ್ ಕಾಯಲು ಆಗುವುದಿಲ್ಲ. ಎಲ್‌ಪಿಜಿಗಾದರೆ ವಾಸನೆ ಬೆರೆಸಿರುತ್ತಾರೆ, ಮೂಗಾದರೂ ಇದೆ. ಉರಿ ಸರಿಯಾಗಿ ಆಗದಾಗ ಹುಟ್ಟುವ ವಿಷದ ಗ್ಯಾಸ್ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಯುರೋಪಿನ ಇಎನ್ 50291 ನಿಯಮದ ಪ್ರಕಾರ ಅದರ ಅಲಾರಂ ಗಾಳಿಯಲ್ಲಿ 50 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 50 ಪಾಲು) ಇದ್ದರೆ 60ರಿಂದ 90 ನಿಮಿಷದೊಳಗೆ, 300 ಪಿಪಿಎಂ ಇದ್ದರೆ 3 ನಿಮಿಷದೊಳಗೆ ಕೂಗಬೇಕು. ಈ ಲೆಕ್ಕಕ್ಕೆ ಸಾಮಾನ್ಯವಾಗಿ ಎಲೆಕ್ಟ್ರೋಕೆಮಿಕಲ್ ಸೆನ್ಸರ್ (ರಾಸಾಯನಿಕ ಕ್ರಿಯೆಯಿಂದ ಹುಟ್ಟುವ ಕರೆಂಟಿನಿಂದ ಗ್ಯಾಸ್ ಅಳೆಯುವಂಥದ್ದು) ಇರುವ ಬೇರೆಯೇ ಅಲಾರಂ ಬೇಕು, ಅದಕ್ಕೂ ಆಯಸ್ಸು ಇದೆ.

ಇವತ್ತೇ ನಿಮ್ಮ ಡಿಟೆಕ್ಟರ್ ಬಿಚ್ಚಿ ಹಿಂಭಾಗ ನೋಡಿ. ಯಾವ ಗ್ಯಾಸಿಗೆ, ಯಾವ ಸ್ಟ್ಯಾಂಡರ್ಡ್ ಪ್ರಕಾರ, ಯಾವಾಗ ಬದಲಿಸಬೇಕು ಅಂತ ಬರೆದಿರಬೇಕು. ಬರೆದಿಲ್ಲ ಅಂದರೆ ಬದಲಿಸಿ. ಲೈಟರ್ ಗ್ಯಾಸ್ ಬಿಟ್ಟು ಟೆಸ್ಟ್ ಮಾಡಿಕೊಳ್ಳಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಅದರಿಂದ ಸೆನ್ಸರ್ ಹಾಳಾಗಬಹುದು. ಹಾಕಲು ಬರುವವರಿಗೆ ಮೊದಲೇ ಹೇಳಿ, ಟೆಸ್ಟ್ ಗ್ಯಾಸ್ ಬಿಟ್ಟು ಕೂಗಿಸಿ ತೋರಿಸಿದ ಮೇಲೆಯೇ ದುಡ್ಡು ಅಂತ.