ಜಪಾನಿನ ಹಳೇ ಬೇಸ್, ಇಂಡೋನೇಷ್ಯಾದ ಹೊಸ ಬೇಸ್, ಆಲ್ದೂರಿನ ಮಳೆ

ನನ್ನ ಹತ್ತಿರ ಎರಡು ಬೇಸ್ ಗಿಟಾರ್, ಅಂದರೆ ತಗ್ಗು ಸ್ವರದ ಗಿಟಾರ್ ಇವೆ. ಒಂದು 1980ರ ದಶಕದಲ್ಲಿ ಜಪಾನಿನಲ್ಲಿ ತಯಾರಾದ ಪ್ರಿಸಿಷನ್ ಮಾದರಿ. ಹಾಸನದ ಒಂದು ಆರ್ಕೆಸ್ಟ್ರಾ ನಿಂತುಹೋದಾಗ ಅಲ್ಲಿ ಬೇಸ್ ನುಡಿಸುತ್ತಿದ್ದವರಿಂದ ಕೊಂಡೆ. ಇನ್ನೊಂದು ಮೂರು ವರ್ಷದ ಹಿಂದೆ ಹೊಸದಾಗಿ ತಂದ ಇಂಡೋನೇಷ್ಯಾದ ಆ್ಯಕ್ಟಿವ್ ಬೇಸ್, ಅಂದರೆ ಒಳಗೆ ಬ್ಯಾಟರಿ ಇರುವುದು. ಹಳೆಯದಕ್ಕೆ ಹೊಸದರ ಎರಡರಷ್ಟು ದುಡ್ಡು ಹೋಯಿತು. ಆ ಲೆಕ್ಕ ಮನೆಯಲ್ಲಿ ಇನ್ನೂ ಹೇಳಿಲ್ಲ.

ಮೊದಲು ತೂಕ. ಕಾಫಿ ಮೂಟೆ ತೂಗುವ ಸ್ಕೇಲಿಗೆ ನೇತು ಹಾಕಿದೆ. ಹಳೆಯದು 4 ಕೆಜಿ 100 ಗ್ರಾಂ, ಹೊಸದು 3 ಕೆಜಿ 400 ಗ್ರಾಂ. 700 ಗ್ರಾಂ ಏನು ಮಹಾ ಅನ್ನಬೇಡಿ. ಗಣಪತಿ ಪೆಂಡಾಲಿನಲ್ಲಿ ಮೂರು ಗಂಟೆ ನಿಂತು ನುಡಿಸಿದ ಮೇಲೆ ಎಡ ಭುಜವನ್ನು ಕೇಳಿ.

ಇನ್ನು ನಾದ. ತಮಾಷೆ ಅಂದರೆ, ಈ ಎರಡು ದಾರಿಯಲ್ಲೂ ಅಮೆರಿಕದ ಗಿಟಾರ್ ತಯಾರಕ ಲಿಯೋ ಫೆಂಡರ್ ಹೆಜ್ಜೆ ಇದೆ. ಪ್ರಿಸಿಷನ್ ಬೇಸ್ 1951ರಲ್ಲಿ ಅವರ ಕಾರ್ಖಾನೆಯಿಂದ ಬಂತು. 1957ರಲ್ಲಿ ಅದಕ್ಕೆ ಎರಡು ತುಂಡಿನ ಪಿಕಪ್ (ತಂತಿಯ ಕಂಪನ ಹಿಡಿದು ಆ್ಯಂಪ್‌ಗೆ ಕಳಿಸುವ ಭಾಗ) ಕೂರಿಸಿದರು. ಒಂದು ತುಂಡಿನ ಗುಂಯ್ ಸದ್ದನ್ನು ಇನ್ನೊಂದು ಹೊಡೆದು ಹಾಕುತ್ತದೆ. 1965ರಲ್ಲಿ ಅವರು ಕಂಪನಿ ಮಾರಿದರು. ಆಮೇಲೆ ಅವರು ಸೇರಿಕೊಂಡ ಮ್ಯೂಸಿಕ್ ಮ್ಯಾನ್ 1976ರಲ್ಲಿ ತಂದ ಸ್ಟಿಂಗ್‌ರೇ ಬೇಸ್‌ನಿಂದ, ಬ್ಯಾಟರಿ ಹಾಕುವ ಆ್ಯಕ್ಟಿವ್ ಬೇಸ್ ಮನೆಮಾತಾಯಿತು. ನನ್ನ ಹಳೆಯದರಲ್ಲಿ ಒಂದು ವಾಲ್ಯೂಮ್, ಒಂದು ಟೋನ್, ಅಷ್ಟೇ. ಹೊಸದರಲ್ಲಿ ಐದು ನಾಬ್.

ಹಳೆಯದರ ನಾದ ದಪ್ಪ, ಮೆತ್ತಗೆ. ಹೊಸದು ಚುರುಕು, ಕಂಚಿನ ತಟ್ಟೆಗೆ ಚಮಚ ತಾಗಿದ ಹಾಗೆ. ಇದು ಹಳೇ ಮರದ ಮಹಿಮೆ ಅಂತ ಒಂದು ವರ್ಷ ಎಲ್ಲರ ಮುಂದೆ ಕೊಚ್ಚಿಕೊಂಡೆ. ಆಮೇಲೆ ಒಂದು ಭಾನುವಾರ ಅನುಮಾನ ಬಂತು. ಹಳೆಯದರಲ್ಲಿ ಇದ್ದದ್ದು ನುಣುಪಾದ ಫ್ಲ್ಯಾಟ್‌ವೌಂಡ್ ತಂತಿ. ಹೊಸದರಲ್ಲಿ ಇದ್ದದ್ದು ತರಿತರಿಯಾದ ರೌಂಡ್‌ವೌಂಡ್. ಎರಡರಲ್ಲೂ ತಂತಿ ಮಿಡಿಯುವ ಉದ್ದ 34 ಇಂಚೇ, ಹಾಗಾಗಿ ತಂತಿಗಳನ್ನು ಅದಲು ಬದಲು ಮಾಡಿದೆ. ಒಂದೇ ಆ್ಯಂಪ್, ನುಡಿಸಿದ್ದೂ ಒಂದೇ ಸಾಲು. ಫೋನಿನಲ್ಲಿ ರೆಕಾರ್ಡ್ ಮಾಡಿ ನಮ್ಮ ಢೋಲಕ್ ಹುಡುಗನಿಗೆ ಕೇಳಿಸಿದೆ.

"ಇದೇ ಅಲ್ವಾ ಅಣ್ಣ, ಜಪಾನಿಂದು?" ಅಂದ. ಅವನು ಕೇಳುತ್ತಿದ್ದದ್ದು ಹೊಸದನ್ನು.

ಹಳೇ ನಾದದ ಮುಕ್ಕಾಲು ಪಾಲು ತಂತಿಯಲ್ಲೇ ಇತ್ತು. ಒಂದು ಸೆಟ್ಟಿಗೆ 4,000 ರೂಪಾಯಿ ಹತ್ತಿರ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್‌ಸನ್ 1962ರ ಪ್ರಿಸಿಷನ್‌ನಲ್ಲಿ ಫ್ಲ್ಯಾಟ್‌ವೌಂಡ್ ಹಾಕಿ, ತುಂಡಾಗದ ಹೊರತು ಬದಲಿಸುತ್ತಿರಲಿಲ್ಲವಂತೆ. ನನಗೆ ಆಗಲೇ ಹೊಳೆಯಬೇಕಿತ್ತು.

ಉಳಿದ ಕಾಲು ಪಾಲು ಮಾತ್ರ ನಿಜ, ಅದು ಪೆಂಡಾಲಿನಲ್ಲಿ ಗೊತ್ತಾಗುತ್ತದೆ. ಬೇಸ್‌ನ ದಪ್ಪ ತಂತಿಯ ಕಂಪನ ಸೆಕೆಂಡಿಗೆ ಸುಮಾರು 41. ನಮ್ಮ ಕಡೆಯ ಬಾಡಿಗೆ ಸ್ಪೀಕರ್‌ಗಳು ಅಷ್ಟು ಕೆಳಗೆ ಎಲ್ಲಿ ಇಳಿಯುತ್ತವೆ? ಜನರ ಕಿವಿಗೆ ಬೀಳುವುದು ಅದರ ಮೇಲಿನ ಪದರ. ಹಳೆಯದು ಅಲ್ಲೇ ಗಟ್ಟಿ. ಢೋಲಕ್‌ಗೂ ಕೀಬೋರ್ಡ್‌ನ ಎಡಗೈಗೂ ನಡುವೆ ಹೋಗಿ ಕೂರುತ್ತದೆ. ಹೊಸದರಲ್ಲಿ ತಗ್ಗು ಸ್ವರ ಏರಿಸುವ ಬೇಸ್ ನಾಬ್ ಜಾಸ್ತಿ ಮಾಡಿದರೆ ಸ್ಪೀಕರ್ ಬರೀ ಗುಮ್ಮೆನ್ನುತ್ತದೆ, ಸ್ವರ ಕೇಳಿಸುವುದಿಲ್ಲ. ಒಮ್ಮೆ ಹಾಸನದಲ್ಲಿ ಹಾಡಿನ ಮಧ್ಯೆ 9 ವೋಲ್ಟ್ ಬ್ಯಾಟರಿಯೂ ಸತ್ತಿತು. ತಪ್ಪು ನನ್ನದೇ, ಹಿಂದಿನ ರಾತ್ರಿ ಕೇಬಲ್ ಚುಚ್ಚಿಯೇ ಮಲಗಿದ್ದೆ. ಪ್ಲಗ್ ಒಳಗಿದ್ದರೆ ಬ್ಯಾಟರಿ ಉರಿಯುತ್ತಲೇ ಇರುತ್ತದೆ.

ಹಾಗಂತ ಹಳೆಯದನ್ನು ಹೊಗಳಿ ಮುಗಿಸೋಣ ಅಂದರೆ ಮಳೆ ಬಿಡಬೇಕಲ್ಲ. ನಮ್ಮ ಚಿಕ್ಕಮಗಳೂರು ಕಡೆಯ ಆಲ್ದೂರಿನಲ್ಲಿ ಪುಷ್ಯ ಮಳೆ ಹಿಡಿದ ವಾರ ಅದರ ನೆಕ್, ಅಂದರೆ ಕತ್ತು, ಮುಂದಕ್ಕೆ ಬಾಗಿ ತಂತಿಗಳು ಮೇಲೆದ್ದವು. ನೆಕ್ ನೆಟ್ಟಗಿಡುವ ಒಳಗಿನ ಕಬ್ಬಿಣದ ಸರಳು, ಟ್ರಸ್ ರಾಡ್, ಬಿಗಿ ಮಾಡಬೇಕು. ಆದರೆ ಹಳೇ ಕ್ರಮದಲ್ಲಿ ಅದರ ತಿರುಪು ಇರುವುದು ನೆಕ್ಕಿನ ಬುಡದಲ್ಲಿ. ತಂತಿ ಸಡಿಲಿಸು, ನಾಲ್ಕು ಸ್ಕ್ರೂ ಬಿಚ್ಚು, ನೆಕ್ ಹೊರಗೆ ತೆಗೆ, ಕಾಲು ಸುತ್ತು ತಿರುಗಿಸು, ಮತ್ತೆ ಜೋಡಿಸಿ ಶ್ರುತಿ ಮಾಡು. ಸರಿಯಾಗದಿದ್ದರೆ ಮತ್ತೆ ಮೊದಲಿಂದ. ನಾನು ಮೂರು ಸಲ ಬಿಚ್ಚಿದೆ, ಅಷ್ಟರಲ್ಲಿ ಕರೆಂಟೂ ಹೋಯಿತು. ಹೊಸದರಲ್ಲಿ ಆ ತಿರುಪು ನೆಕ್ಕಿನ ತುದಿಯಲ್ಲಿ, ಗಿಟಾರಿನ ತಲೆಯ ಹತ್ತಿರವೇ ಇದೆ. ಅಲೆನ್ ಕೀ ತೂರಿಸಿ ಐದು ನಿಮಿಷದಲ್ಲಿ ಕೆಲಸ ಮುಗಿಯಿತು.

ಬೆರಳು ಓಡುವ ಪಟ್ಟಿಯ ವಿಷಯ ಒಂದು ಹೇಳಬೇಕು. ಹಳೆಯದರದ್ದು ರೋಸ್‌ವುಡ್, ಅಂದರೆ ಬೀಟೆ. ಬಣ್ಣ ನೋಡಿದರೆ ನಮ್ಮ ಘಟ್ಟದ್ದೇ ಅನ್ನಿಸುತ್ತದೆ. 2017ರಲ್ಲಿ ಬೀಟೆ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಬಿಗಿ ನಿಯಮ ಬಂದಾಗ ಹಲವು ಕಂಪನಿಗಳು ಬೇರೆ ಮರಕ್ಕೆ ಹೋದವು. 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ನನ್ನ ಹೊಸದರಲ್ಲಿರುವುದು ಬೇರೆ ಮರ. ಬೆರಳಿಗೆ ನನಗೇನೂ ವ್ಯತ್ಯಾಸ ಗೊತ್ತಾಗಲಿಲ್ಲ. ಆದರೂ ತೋಟದ ಅಂಚಿನಲ್ಲಿ ನಿಂತ ಬೀಟೆ ಮರ ನೋಡಿ ಬಂದು ಹಳೆಯದನ್ನು ಎತ್ತಿಕೊಂಡರೆ ಏನೋ ಸಂಬಂಧಿಕರ ಮನೆಗೆ ಬಂದ ಹಾಗೆ ಆಗುತ್ತದೆ.

ಒಂದೇ ಒಂದು ಕೊಳ್ಳುವವರಾದರೆ ಹೊಸದು ತಗೊಳ್ಳಿ, ಫ್ಲ್ಯಾಟ್‌ವೌಂಡ್ ಹಾಕಿ, ಬೇಸ್ ನಾಬ್ ಮುಟ್ಟಬೇಡಿ. ಮಲೆನಾಡಿನಲ್ಲಿ ಇರುವವರಿಗಂತೂ ಇದೇ ಸರಿ. ನನಗೆ ಒಂದನ್ನು ಮಾರಲೇಬೇಕಾಗಿ ಬಂದರೆ ಮಾತ್ರ ಹೊಸದನ್ನೇ ಮಾರುತ್ತೇನೆ. ಹಳೆಯದು ಸದ್ಯ ಕೇಸಿನೊಳಗೆ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮಲಗಿದೆ. ಗಣಪತಿ ಹಬ್ಬಕ್ಕೆ ಹೊರಗೆ ತೆಗೆಯಬೇಕು.